ಹಾರದ ವಿಮಾನಕ್ಕೆ ಹೊಗೆಯ ಕಲೆ

ಕಥೆ, ಕಾದಂಬರಿ, ನಾಟಕ, ಸಿನಿಮಾ ಇವಕ್ಕೆಲ್ಲ ವಿಮರ್ಶೆ ಇದೆ. ಸೀರೆಗೂ ಒಂದು ಬಗೆಯ ವಿಮರ್ಶೆ ಇದೆಯೆನ್ನಿ. ನಮ್ಮ ಖಾಸಬಾಗದ ಓಣಿಗಳಲ್ಲಿ ಸೀರೆಯ ಮಡಿಕೆ ಬಿಚ್ಚಿ, ಸೆರಗನ್ನು ತಿರುವಿ ಹಾಕಿ, ಎಳೆ ಎಲ್ಲಿ ಕಡಿದಿದೆ, ಅಂಚು ಎಲ್ಲಿ ಜಗ್ಗಿದೆ ಎಂದು ಹೇಳುವ ಹೆಂಗಸರ ಮಾತು ಯಾವ ವಿಮರ್ಶಕರ ಮಾತಿಗೂ ಕಡಿಮೆಯದಲ್ಲ. ಆದರೆ ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸಿ ಮಾಡಿದ, ಒಂದು ಗೇಣು ಅಗಲದ ವಿಮಾನಕ್ಕೆ ವಿಮರ್ಶೆ ಬರೆಯುವುದುಂಟೆ? ಅದೂ ಈ ಜಗತ್ತಿನಲ್ಲಿ ಎಂದೂ ಇರದೇ ಹೋದ ವಿಮಾನಕ್ಕೆ? ಕಳೆದ ಎರಡು ತಿಂಗಳಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಅದು ಎಬ್ಬಿಸಿದಷ್ಟು ತಕರಾರನ್ನು ಇತ್ತೀಚೆಗೆ ನಾನು ಓದಿದ ಯಾವ ಪುಸ್ತಕವೂ ಎಬ್ಬಿಸಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ವಿಮಾನದ ಹೆಸರು ಶಿಂದೆನ್ ಕಾಯ್. ಹೆಸರು ಕೇಳಿದ ನೆರೆಮನೆಯವರು "ಯಾವ ಶಿಂದೆ, ಶಹಾಪುರದವರಾ?" ಅಂದರು. ಬೆಳಗಾವಿಯಲ್ಲಿ ಹೀಗಾಗುವುದು ಸಹಜ. ಜಪಾನಿ ಭಾಷೆಯಲ್ಲಿ ಶಿಂದೆನ್ ಎಂದರೆ ನಡುಗಿಸುವ ಮಿಂಚು. ಕಾಯ್ ಎಂದರೆ ತಿದ್ದಿದ ರೂಪ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಬಿ-29 ಬಾಂಬರುಗಳನ್ನು ಎದುರಿಸಲೆಂದು ಜಪಾನಿನ ನೌಕಾದಳ ಮಾಡಿಸಿದ ವಿಮಾನ ಶಿಂದೆನ್. ಮಾಸಾವೊಕಿ ತ್ಸುರುನೊ ಎಂಬ ನೌಕಾದಳದ ಅಧಿಕಾರಿಯ ಕಲ್ಪನೆ ಅದು. ಕಟ್ಟಿದ್ದು ಫುಕುವೋಕಾದ ಕ್ಯೂಶು ವಿಮಾನ ಕಂಪನಿ. ಬೇರೆ ವಿಮಾನಗಳಿಗೆ ಬಾಲದಲ್ಲಿರುವ ಚಿಕ್ಕ ರೆಕ್ಕೆ ಇದಕ್ಕೆ ಮೂತಿಯಲ್ಲಿದೆ. ಮೂತಿಯಲ್ಲಿರಬೇಕಾದ ಎಂಜಿನ್ನೂ ಆರು ಎಸಳಿನ ಪಂಖವೂ ಹಿಂದಿವೆ. ಹಿಂದುಮುಂದಾಗಿ ಹಾರಲು ಹೊರಟಿದೆಯೇನೋ ಎನ್ನುವಂತೆ ಕಾಣುತ್ತದೆ.

1945ರ ಜುಲೈನಲ್ಲಿ ಮೊದಲ ಸಲ ಓಡಿಸಿ ನೋಡಿದಾಗ ಮೂತಿ ಮೇಲೆದ್ದು, ಹಿಂದಿನ ಪಂಖದ ತುದಿ ನೆಲಕ್ಕೆ ಬಡಿಯಿತು. ಬೇರೊಂದು ತರಬೇತಿ ವಿಮಾನದ ಪುಟ್ಟ ಗಾಲಿಗಳನ್ನು ತಂದು ಹಿಂಬದಿಯ ಎರಡು ನಿಲುವು ರೆಕ್ಕೆಗಳ ಕೆಳಗೆ ಕೂರಿಸಿದರು. ಅಂತೂ ಆಗಸ್ಟ್ 3ರಂದು ಅದು ನೆಲ ಬಿಟ್ಟಿತು. ಎರಡನೆಯ ಹಾರಾಟ ಆಗಸ್ಟ್ 6ರಂದು. ಅದೇ ದಿನ ಹಿರೋಶಿಮಾದ ಮೇಲೆ ಅಣುಬಾಂಬು ಬಿತ್ತು. ಮೂರು ಹಾರಾಟ ಮುಗಿಯುವಷ್ಟರಲ್ಲಿ ಯುದ್ಧವೇ ಮುಗಿಯಿತು. ಶಿಂದೆನ್ ಒಟ್ಟು ಆಕಾಶದಲ್ಲಿದ್ದದ್ದು 45 ನಿಮಿಷ. ನಮ್ಮ ಶಾಲೆಯ ಒಂದು ಪೀರಿಯಡ್ಡು.

ಇಷ್ಟು ಶಿಂದೆನ್ನಿನ ಮಾತಾಯಿತು. ಅದರ ತಿದ್ದಿದ ರೂಪಕ್ಕೆ, ಅಂದರೆ ಪಂಖ ತೆಗೆದು ಜೆಟ್ ಎಂಜಿನ್ ಕೂರಿಸಬೇಕೆಂದಿದ್ದ ಶಿಂದೆನ್ ಕಾಯ್‌ಗೆ, ಆ ಒಂದು ಪೀರಿಯಡ್ಡಿನ ಭಾಗ್ಯವೂ ಇಲ್ಲ. ಅದು ಕಾಗದದ ಮೇಲೆ ಉಳಿಯಿತು. ಅದರ ಮಾದರಿ ಈಗ ನಮ್ಮ ಟಿ.ವಿ.ಯ ಪಕ್ಕದಲ್ಲಿದೆ.

ಮಾಡಿದವಳು ನನ್ನ ತಂಗಿಯ ಮಗಳು. ನಮ್ಮ ಮನೆಯಲ್ಲೇ ಇದ್ದು, ಹತ್ತರಗಿ ಹತ್ತಿರದ ವಿಮಾನ ಬಿಡಿಭಾಗಗಳ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಲೋಹದ ತುಣುಕುಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ವ್ಯತ್ಯಾಸ ಬಂದರೂ ತುಣುಕು ಪಕ್ಕಕ್ಕೆ. ಇಡೀ ದಿನ ಇದನ್ನೇ ಮಾಡುವವಳು ರಜೆಯ ದಿನವೂ ಮತ್ತೆ ತುಣುಕುಗಳನ್ನೇ ಹರಡಿಕೊಂಡು ಕೂರುತ್ತಾಳಲ್ಲ ಎಂದು ಕೇಳಿದೆ. "ಅಲ್ಲಿ ಬರೇ ತುಣುಕ ನೋಡ್ತೀನ್ರಿ ದೊಡ್ಡವ್ವ. ಅದು ಯಾವ ವಿಮಾನದಾಗ ಎಲ್ಲಿ ಹೋಗಿ ಕೂಡ್ತದೋ ನನಗೇನು ಕಾಣಬೇಕು? ಇಲ್ಲಾದ್ರ ಪೂರಾ ಒಂದ ನನ್ನ ಕೈಯಾಗ ಆಗ್ತದ" ಅಂದಳು. ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಮುಂದೆ ಬರೆಯುವುದಕ್ಕೆಲ್ಲ ಒಂದು ರೀತಿಯಲ್ಲಿ ಅದೇ ಬುನಾದಿ.

ಮಾದರಿಯ ಅಳತೆ 48ರಲ್ಲಿ ಒಂದು ಪಾಲು. ನಿಜವಾದ ಶಿಂದೆನ್ನಿನ ರೆಕ್ಕೆಯ ಹರವು 11 ಮೀಟರಿಗೆ ತುಸು ಹೆಚ್ಚು. ಇದರದು 23 ಸೆಂಟಿಮೀಟರು. ಪೆಟ್ಟಿಗೆ ತೆರೆದರೆ ಚೌಕಟ್ಟಿಗೆ ಅಂಟಿಕೊಂಡ ಬೂದು ಬಣ್ಣದ ತುಣುಕುಗಳು, ಬಳ್ಳಿಗೆ ಹತ್ತಿದ ಎಳೆ ಹೀರೆಕಾಯಿಗಳ ಹಾಗೆ. ಒಂದೊಂದನ್ನೂ ಕತ್ತರಿಸಿ, ಉಳಿದ ಮುಳ್ಳನ್ನು ಅರದಿಂದ ಉಜ್ಜಿ, ಅಂಟು ಹಚ್ಚಿ, ಸಂದಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮತ್ತೆ ಪಾಲಿಶ್ ಕಾಗದದಿಂದ ತಿಕ್ಕಬೇಕು. ಅವಸರ ಮಾಡಿದರೆ ಅಂಟಿನ ಬೆರಳಚ್ಚು ಶಾಶ್ವತ. ಹಪ್ಪಳ ಒಣಹಾಕಿದವರಿಗೆ ಬೇಕಾದ ತಾಳ್ಮೆಯೇ ಇಲ್ಲೂ ಬೇಕು.

ಕೆಲಸದ ಅಚ್ಚುಕಟ್ಟಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಎರಡು ಅರೆಗಳು ಕೂಡಿದ ಗೆರೆಯ ಮೇಲೆ ಉಗುರು ಆಡಿಸಿದೆ, ಎಲ್ಲೂ ಸಿಕ್ಕಲಿಲ್ಲ. ತಕರಾರು ಶುರುವಾದದ್ದು ಮೂತಿಯೊಳಗೆ ಸೀಸ ತುಂಬುವಾಗ. ಭಾರವೆಲ್ಲ ಹಿಂದಕ್ಕಿರುವ ಈ ವಿಮಾನ ಹಾಗೇ ಬಿಟ್ಟರೆ ಬಾಲದ ಮೇಲೆ ಕುಕ್ಕರುಗಾಲು ಹಾಕುತ್ತದೆ. ಅದಕ್ಕೆ ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮೂತಿಯಲ್ಲಿ ಬಚ್ಚಿಟ್ಟು ಮುಚ್ಚಿಬಿಡಬೇಕು. ಆಮೇಲೆ ಅದು ಮೂರು ಗಾಲಿಯ ಮೇಲೆ ಠೀವಿಯಿಂದ ನಿಲ್ಲುತ್ತದೆ. ಆ ಠೀವಿ ಸೀಸದ್ದು.

ನಮ್ಮ ಕಡೆಯ ಕಸೂತಿ ಬಲ್ಲವರಿಗೆ ನಾನು ಹೇಳುವುದು ಥಟ್ಟನೆ ತಿಳಿದೀತು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಗಂಟು ಹಾಕುವಂತಿಲ್ಲ. ಮುಂಬದಿ ಹೇಗೋ ಹಿಂಬದಿಯೂ ಹಾಗೆಯೇ ಬರಬೇಕು. ಹಿರಿಯರು ಕಸೂತಿ ನೋಡುವಾಗ ಮೊದಲು ಬಟ್ಟೆಯನ್ನು ಮಗುಚಿ ಹಾಕುತ್ತಿದ್ದರು. ಒಂದು ಕೃತಿಯನ್ನು ಮಗುಚಿ ಹಾಕಿದರೆ ಏನು ಕಾಣುತ್ತದೆ ಎಂಬುದೇ ನಾನು ಬಲ್ಲ ವಿಮರ್ಶೆಯ ಮೊದಲ ಪಾಠ. ಈ ಮಾದರಿಯನ್ನು ಹಾಗೆ ಮಗುಚಿದೆ. ಹಿಂದಿನ ಜೆಟ್ ಕೊಳವೆಯೊಳಗೆ ಟಾರ್ಚು ಬಿಟ್ಟು ನೋಡಿದೆ. ಎರಡು ಬೆರಳು ಒಳಗೆ, ಎಸಳುಗಳನ್ನು ಕೊರೆದ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದರಾಚೆ ಏನೂ ಇಲ್ಲ.

ಆ ಏನೂ ಇಲ್ಲದಿರುವುದೇ ಶಿಂದೆನ್ ಕಾಯ್‌ನ ನಿಜವಾದ ಚರಿತ್ರೆ. ಅದಕ್ಕೆಂದು ಯೋಚಿಸಿದ್ದ ನೆ-130 ಎಂಬ ಎಂಜಿನ್ ಯುದ್ಧ ಮುಗಿಯುವ ಹೊತ್ತಿಗೂ ವಿಮಾನದಲ್ಲಿ ಕೂರಿಸುವ ಸ್ಥಿತಿಗೆ ಬಂದಿರಲಿಲ್ಲ. ಜಪಾನಿಗೆ ಜೆಟ್ ವಿದ್ಯೆ ಜರ್ಮನಿಯಿಂದ ಬರಬೇಕಿತ್ತು. ನಕ್ಷೆ, ಸಾಮಗ್ರಿಗಳನ್ನು ಹೊತ್ತ ಐ-29 ಎಂಬ ಜಲಾಂತರ್ಗಾಮಿ ಸಿಂಗಪುರದವರೆಗೆ ಬಂದು, ಮುಂದಿನ ದಾರಿಯಲ್ಲಿ 1944ರ ಜುಲೈ 26ರಂದು ಅಮೆರಿಕದ ಜಲಾಂತರ್ಗಾಮಿಗೆ ಸಿಕ್ಕಿ ಮುಳುಗಿತು. ಐಚಿ ಇವಾಯಾ ಎಂಬ ಅಧಿಕಾರಿ ಸಿಂಗಪುರದಲ್ಲೇ ಇಳಿದು, ಕೈಯಲ್ಲಿದ್ದ ಕೆಲವೇ ಕಾಗದಗಳೊಂದಿಗೆ ವಿಮಾನ ಹತ್ತಿದ್ದರಿಂದ ಅವಷ್ಟು ಉಳಿದವು. ಅವುಗಳಲ್ಲೊಂದು ಜರ್ಮನ್ ಎಂಜಿನಿನ ಸೀಳುನೋಟದ ಚಿತ್ರ, ಚಿಕ್ಕ ಅಳತೆಗೆ ಇಳಿಸಿದ್ದು. ಆ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಜಪಾನಿನ ಎಂಜಿನಿಯರುಗಳು ನೆ-20 ಎಂಬ ಚಿಕ್ಕ ಜೆಟ್ ಎಂಜಿನ್ ಮಾಡಿದರು. ಅಂಥ ಎರಡು ಎಂಜಿನ್ ಹೊತ್ತ ಕಿಕ್ಕಾ ಎಂಬ ವಿಮಾನ, ಹೆಸರಿನ ಅರ್ಥ ಕಿತ್ತಳೆ ಹೂ, 1945ರ ಆಗಸ್ಟ್ 7ರಂದು ಹಾರಿತು. ಬುದ್ಧಿವಂತಿಕೆಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಶಿಂದೆನ್ ಕಾಯ್‌ಗೆ ಇಷ್ಟೂ ಒದಗಲಿಲ್ಲ.

ಈಗ ಮತ್ತೆ ನಮ್ಮ ಮೇಜಿನ ಮೇಲಿನ ಮಾದರಿಗೆ ಬರೋಣ. ಅದರ ಮೈಮೇಲೆ ತಗಡಿನ ಹಾಳೆಗಳು ಕೂಡುವ ಗೆರೆಗಳಿವೆ. ಯಾರೂ ಜೋಡಿಸದ ಹಾಳೆಗಳು! ಮೇಲೆ ಕಡು ಹಸಿರು, ಕೆಳಗೆ ಬೂದು. ನೌಕಾದಳದ ಬೇರೆ ವಿಮಾನಗಳ ವಾಡಿಕೆ ನೋಡಿ ಊಹಿಸಿದ ಬಣ್ಣ. ನೀರಲ್ಲಿ ನೆನೆಸಿ ಅಂಟಿಸುವ ಚಿತ್ರಗಳ ಹಾಳೆಯಲ್ಲಿ ಬಾಲದ ಮೇಲೆ ಹಾಕಲು ಸಂಖ್ಯೆಗಳೂ ಇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತೇವೆ. ಇಲ್ಲಿ ಕೂಸು ಹುಟ್ಟಲೇ ಇಲ್ಲ, ಕುಲಾವಿಯ ಮೇಲೆ ಹಾಜರಿ ಪುಸ್ತಕದ ನಂಬರು ಸಹ ಬಂದಿದೆ. ಇದನ್ನೆಲ್ಲ ನಾನು ಒಪ್ಪಿಕೊಂಡೆ. ಕಾದಂಬರಿಕಾರ ಇರದ ಊರಿಗೆ ಹೆಸರಿಡುವುದಿಲ್ಲವೇ, ಇದೂ ಹಾಗೆ ಎಂದುಕೊಂಡೆ.

ಒಪ್ಪದಿದ್ದದ್ದು ಹೊಗೆಯ ಕಲೆಯನ್ನು. ಮಾದರಿ ಮಾಡುವವರಲ್ಲಿ ಒಂದು ಪದ್ಧತಿಯಿದೆ. ಹೊಸ ಬಣ್ಣದ ವಿಮಾನ ಆಟಿಕೆಯಂತೆ ಕಾಣುತ್ತದೆಂದು ಅದನ್ನು ಹಳತು ಮಾಡುತ್ತಾರೆ. ಅಲ್ಲಲ್ಲಿ ಬಣ್ಣ ಕಿತ್ತುಹೋದಂತೆ ಬೆಳ್ಳಿಯ ಚುಕ್ಕೆ, ಗಾಲಿಗೆ ಕೆಸರು, ಎಂಜಿನ್ನಿನ ಬಾಯಿಯ ಸುತ್ತ ಮಸಿ. ನಮ್ಮವಳು ದೇವರ ದೀಪದ ಕಾಡಿಗೆಯನ್ನು ಬ್ರಷ್ಷಿನ ತುದಿಗೆ ಹಚ್ಚಿಕೊಂಡು ಕೂತಿದ್ದಳು.

"ಹಾರದ ವಿಮಾನಕ್ಕ ಹೊಗಿ ಎಲ್ಲಿಂದ ಬಂತವ್ವ?" ಅಂದೆ.

"ಹೊಗಿ ಹಚ್ಚಲಿಲ್ಲಂದ್ರ ಖರೇ ವಿಮಾನ ಅನಸೂದಿಲ್ರಿ ದೊಡ್ಡವ್ವ."

"ಖರೇ ಅಲ್ಲಲ್ಲ ಅದು."

ಅವಳು ಬ್ರಷ್ಷು ಕೆಳಗಿಟ್ಟಳು. ಅಂದು ರಾತ್ರಿ ಊಟದ ಹೊತ್ತಿಗೂ ಅದೇ ಮಾತು. ಅವಳ ವಾದದಲ್ಲಿ ಹುರುಳಿತ್ತು: ಬಣ್ಣ ಸುಳ್ಳು, ಗೆರೆ ಸುಳ್ಳು, ಸಂಖ್ಯೆ ಸುಳ್ಳು, ಇಷ್ಟು ಸುಳ್ಳು ನುಂಗಿದವರು ಹೊಗೆಗೆ ಯಾಕೆ ಕೆಮ್ಮಬೇಕು? ನನ್ನ ಉತ್ತರ ಇಷ್ಟೆ. ಬಣ್ಣ, ಗೆರೆ, ಸಂಖ್ಯೆ ಇವು 'ಹೀಗಿರುತ್ತಿತ್ತು' ಎನ್ನುತ್ತವೆ. ಹೊಗೆ 'ಹೀಗಾಯಿತು' ಎನ್ನುತ್ತದೆ. ಇತಿಹಾಸ ಕಲಿಸುವವಳಿಗೆ ಈ ಎರಡು ಕ್ರಿಯಾಪದಗಳ ನಡುವಿನ ಅಂತರ ದೊಡ್ಡದು. ಮೊದಲನೆಯದು ಊಹೆ, ತಪ್ಪೇನಿಲ್ಲ. ಎರಡನೆಯದು ನಡೆಯದ ಸಂಗತಿಗೆ ಕೊಟ್ಟ ಸಾಕ್ಷಿ.

ಪೆಟ್ಟಿಗೆಯ ಮುಚ್ಚಳದ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಶಿಂದೆನ್ ಕಾಯ್ ಮೋಡ ಸೀಳಿ ಮೇಲೇರುತ್ತಿದೆ, ಹಿಂದೆ ಒಂದು ಬಿ-29 ಬೆಂಕಿ ಹತ್ತಿ ಬೀಳುತ್ತಿದೆ. ಚೆನ್ನಾಗಿ ಬರೆದ ಚಿತ್ರ. ನೆರಳು ಬೆಳಕು ಬಲ್ಲ ಕೈ. ಆದರೆ ಅದು ಯುದ್ಧದ ಕೊನೆಯನ್ನು ತಿದ್ದಿ ಬರೆಯುತ್ತದೆ. ಅದನ್ನು ನೋಡಿದ ಹುಡುಗನೊಬ್ಬ, ಎದುರು ಮನೆಯವನು, ಎಂಟನೆಯ ಇಯತ್ತೆ, "ಇನ್ನ ಆರ ತಿಂಗಳ ಸಿಕ್ಕಿದ್ರ ಜಪಾನ್ ಗೆಲ್ತಿತ್ತಲ್ರಿ ಟೀಚರ್?" ಎಂದು ಕೇಳಿದ. ಮುಚ್ಚಳ ತನ್ನ ಕೆಲಸ ಮಾಡಿತ್ತು.

ಹುಡುಗನ ಪ್ರಶ್ನೆಯನ್ನು ಗದರಿ ಓಡಿಸುವುದು ಸುಲಭ. ನಾನು ಹಾಗೆ ಮಾಡಲಿಲ್ಲ. ಏಕೆಂದರೆ ಈ ವಿಮಾನವನ್ನು ಕಲ್ಪಿಸಿಕೊಂಡವರ ಭಯ ಸುಳ್ಳಲ್ಲ. 1945ರ ಮಾರ್ಚ್ 10ರ ಒಂದೇ ರಾತ್ರಿ ಬಿ-29ಗಳು ಸುರಿಸಿದ ಬೆಂಕಿಯಲ್ಲಿ ಟೋಕಿಯೊ ನಗರದ ಸುಮಾರು ಒಂದು ಲಕ್ಷ ಜನ ಸತ್ತರು. ಶಿಂದೆನ್ ತಯಾರಾಗುತ್ತಿದ್ದ ಫುಕುವೋಕಾ ಪ್ರಾಂತದಲ್ಲೇ ತಾಚಿಅರಾಯ್ ಎಂಬಲ್ಲಿ ಸೇನೆಯ ವಿಮಾನ ನಿಲ್ದಾಣವಿತ್ತು. ಅದೇ ಮಾರ್ಚ್ 27ರಂದು ಅಲ್ಲಿ ಬಾಂಬು ಬಿದ್ದಾಗ, ಶಾಲೆ ಬಿಟ್ಟು ಮನೆಗೆ ಹೊರಟು ಕಾಡೊಂದರಲ್ಲಿ ಅಡಗಿದ್ದ 30ಕ್ಕೂ ಹೆಚ್ಚು ಮಕ್ಕಳು ಪ್ರಾಣ ಬಿಟ್ಟರು. ಅಂದು ಶಾಲೆಯ ವರ್ಷಾಂತ್ಯದ ಸಮಾರಂಭವಿತ್ತು. ಆ ಶಾಲೆಯ ಶಿಕ್ಷಕಿಯಾಗಿ ನಾನಿದ್ದಿದ್ದರೆ, ಬಿ-29ನ್ನು ಬೀಳಿಸುವ ಯಾವ ವಿಮಾನಕ್ಕೂ ಕೈಮುಗಿಯುತ್ತಿದ್ದೆನೇನೋ.

ಆದರೆ ಅದೇ ಸರಕಾರದ ವಿಮಾನಗಳು ಅದಕ್ಕೂ ಮೊದಲು ಚೀನಾದ ಊರುಗಳ ಮೇಲೆ ಬಾಂಬು ಸುರಿಸಿದ್ದವು. ಬರ್ಮಾ ಅವರ ಕೈವಶವಾದ 1942ರಲ್ಲೇ ನಮ್ಮ ಸಾಂಬ್ರಾದಲ್ಲಿ ಬ್ರಿಟಿಷರ ವಾಯುದಳ ವಿಮಾನ ನಿಲ್ದಾಣ ಕಟ್ಟಿತು. ಇಂದು ನಾವು ಬೆಂಗಳೂರಿಗೆ ವಿಮಾನ ಹತ್ತುವ ಸಾಂಬ್ರಾ ಆ ಯುದ್ಧದ ಕೂಸು. ಹುಡುಗನಿಗೆ ಇಷ್ಟನ್ನು ಹೇಳಿದೆ. ಆರು ತಿಂಗಳು ಸಿಕ್ಕಿದ್ದರೆ ಜಪಾನಿನ ಊರುಗಳು ಇನ್ನೂ ಆರು ತಿಂಗಳು ಉರಿಯುತ್ತಿದ್ದವು ಎಂದೂ ಹೇಳಿದೆ. ಪೆಟ್ರೋಲು ಇರಲಿಲ್ಲ, ಲೋಹ ಇರಲಿಲ್ಲ, ಪಳಗಿದ ಪೈಲಟ್ಟುಗಳು ಉಳಿದಿರಲಿಲ್ಲ. ಒಂದು ಒಳ್ಳೆಯ ನಕ್ಷೆಯಿಂದ ಇವು ಯಾವುವೂ ಹುಟ್ಟುವುದಿಲ್ಲ. ಓಣಿಯಲ್ಲಿ ಜಕಾರ್ಡಿನ ನಕ್ಷೆ ಬರೆಯುವವರ ಮನೆಯಲ್ಲಿ ನೇಯದೆ ಬಿಟ್ಟ ಎಷ್ಟು ಸೀರೆಗಳು ಚೌಕಳಿ ಕಾಗದದ ಮೇಲೆ ಬಿದ್ದಿವೆ ಎಂದು ಅವನಿಗೆ ಗೊತ್ತು. ನೂಲಿಲ್ಲದೆ ನಕ್ಷೆಯನ್ನು ಉಡಲಾಗದು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಯುದ್ಧಕಾಲದ ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಾದರಿ ವಿಮಾನ ಮಾಡಿಸುವುದು ಪಾಠದ ಭಾಗವೇ ಆಗಿತ್ತು. ಬಿದಿರಿನ ಕಡ್ಡಿ, ತೆಳು ಕಾಗದ, ರಬ್ಬರು. ಮಕ್ಕಳು ಖುಷಿಯಿಂದಲೇ ಮಾಡಿರಬೇಕು. ಯಾವ ಮಗುವಿಗೆ ಹಾರುವ ವಸ್ತು ಬೇಡ? ಅದೇ ಮಕ್ಕಳ ಅಕ್ಕ ಅಣ್ಣಂದಿರನ್ನು ಶಾಲೆ ಬಿಡಿಸಿ ಕಾರ್ಖಾನೆಗೆ ಕಳಿಸಿದರು. ಕಿಕ್ಕಾ ಹಾರಿದ ಅದೇ ಆಗಸ್ಟ್ 7ರಂದು, ಬಂದೂಕು, ಮದ್ದುಗುಂಡು ತಯಾರಿಸುತ್ತಿದ್ದ ತೊಯೊಕಾವಾದ ನೌಕಾದಳದ ಕಾರ್ಖಾನೆಯ ಮೇಲೆ ಬಾಂಬು ಬಿದ್ದು 2500ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಜನ ಹಾಗೆ ಶಾಲೆಯಿಂದ ಎಳೆದು ತಂದ ಹುಡುಗ ಹುಡುಗಿಯರು. ಅವರೂ ತುಣುಕುಗಳನ್ನೇ ಮಾಡುತ್ತಿದ್ದವರು. ಒಂದು ಕಡೆ ಹದಿನೈದು ವರ್ಷದ ಹುಡುಗಿಯ ಕೈ, ಇನ್ನೊಂದು ಕಡೆ ಜಗತ್ತಿನ ಇತಿಹಾಸದ ಪುಸ್ತಕದಲ್ಲಿ ವಿಮಾನಗಳ ಹೆಸರು. ನಡುವೆ ಏನೂ ಬರೆದಿರುವುದಿಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕದವರು 1952ರವರೆಗೆ ಜಪಾನಿನಲ್ಲಿ ವಿಮಾನ ಕಟ್ಟುವುದನ್ನೇ ನಿಷೇಧಿಸಿದರು. ಇಂದು ಮಾದರಿಗಳ ಪೆಟ್ಟಿಗೆಗಳಿಗೆ ಹೆಸರಾದ ಊರು ಶಿಜುವೋಕಾ. ಅದು ಮೊದಲಿನಿಂದಲೂ ಮರಗೆಲಸದ ಊರು, ನಮ್ಮ ಗೋಕಾಕ, ಕಿನ್ನಾಳಗಳಂತೆ. ಪ್ರಸಿದ್ಧ ತಮಿಯಾ ಕಂಪನಿ ಶುರುವಾದದ್ದು 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ. ದೊಡ್ಡ ವಿಮಾನ ಕಟ್ಟಬಾರದ ದೇಶ ಚಿಕ್ಕ ವಿಮಾನಗಳಲ್ಲಿ ಜಗತ್ತನ್ನು ಗೆದ್ದಿತು. ಇದರಲ್ಲಿ ದುಃಖವೂ ಇದೆ, ನಗುವೂ ಇದೆ. ಆ ನುಣುಪಾದ ತುಣುಕುಗಳ ಹಿಂದೆ ಸೋತವರ ಒಂದು ಹಟ ಇದೆಯೆಂದು ನನಗೆ ಅನ್ನಿಸುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಬಲ್ಲೆ.

ಇಷ್ಟೆಲ್ಲ ಜಪಾನಿಗೆ ಹೇಳುವ ನಾವೇನು ಸಾಚಾಗಳೆ? ನಮ್ಮ ಕರ್ನಾಟಕದಲ್ಲೇ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ 'ವೈಮಾನಿಕ ಶಾಸ್ತ್ರ' ಎಂಬ ಗ್ರಂಥವಿದೆ. ಅದಕ್ಕೆ 1923ರಲ್ಲಿ ಎಲ್ಲಪ್ಪ ಎಂಬ ನಕ್ಷೆಗಾರರು ರುಕ್ಮ, ಶಕುನ ಮೊದಲಾದ ವಿಮಾನಗಳ ಅಂದವಾದ ಚಿತ್ರ ಬರೆದುಕೊಟ್ಟರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಇತರ ನಾಲ್ವರು ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಯಾವುದೂ ಹಾರಲಾರದು, ಗ್ರಂಥ 1904ಕ್ಕಿಂತ ಹಳೆಯದೂ ಅಲ್ಲ ಎಂದು ತೋರಿಸಿದರು. ನನ್ನ ದೃಷ್ಟಿಯಲ್ಲಿ ಅದು ಕನ್ನಡ ನಾಡಿನಲ್ಲಿ ನಡೆದ ಅತ್ಯುತ್ತಮ ವಿಮರ್ಶೆಗಳಲ್ಲೊಂದು: ಬಯ್ಗುಳವಿಲ್ಲ, ಅಳತೆಪಟ್ಟಿ ಇದೆ. ಅಷ್ಟಾದರೂ ರುಕ್ಮ ವಿಮಾನವನ್ನು ಹಾರಿ ಬಂದದ್ದೆಂದೇ ನಂಬುವವರು ಇಂದಿಗೂ ಇದ್ದಾರೆ. ಅಂಥ ನಂಬಿಕೆ ಕಾಡಿಗೆಯ ಹೊಗೆಯಲ್ಲದೆ ಮತ್ತೇನು?

ಮಾದರಿಯನ್ನು ಪ್ರಾಮಾಣಿಕವಾಗಿ ಬಳಸಿದ್ದಕ್ಕೂ ಬೆಂಗಳೂರೇ ಉದಾಹರಣೆ. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ವಿನ್ಯಾಸಕಾರರ ಟಾ-183 ಎಂಬ ಜೆಟ್ ಯುದ್ಧ ಮುಗಿದಾಗ ಶಿಂದೆನ್ ಕಾಯ್‌ನ ಹಾಗೆಯೇ ನಕ್ಷೆಯಲ್ಲಿ ಉಳಿದಿತ್ತು. ಅವರು ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದು, ಇಂದು ಎಚ್‌ಎಎಲ್ ಎನ್ನುವ ನಮ್ಮ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ಮಾರುತ್ ಎಂಬ ಜೆಟ್ ಯುದ್ಧವಿಮಾನದ ಕೆಲಸ ಶುರುಮಾಡಿದರು. ಲೋಹದ ವಿಮಾನಕ್ಕೆ ಮೊದಲು ಅದೇ ಅಳತೆಯ, ಅದೇ ಆಕಾರದ ಮರದ ವಿಮಾನ ಮಾಡಿದರು. ಎಂಜಿನ್ ಇಲ್ಲ. ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮೇಲೆಳೆದುಕೊಂಡು ಹೋಗಿ ಬಿಟ್ಟರು. 1959ರಲ್ಲಿ ಅದು ಮತ್ತೆ ಮತ್ತೆ ತೇಲಿ ಇಳಿಯಿತು. ಇಲ್ಲಿ ಮಾದರಿ ಉತ್ತರ ಹೇಳುತ್ತಿಲ್ಲ, ಪ್ರಶ್ನೆ ಕೇಳುತ್ತಿದೆ: ಈ ರೆಕ್ಕೆ ಸರಿಯೇ, ಈ ಬಾಲ ಸರಿಯೇ? 1961ರ ಜೂನಿನಲ್ಲಿ ಮಾರುತ್ ಹಾರಿತು. ಆದರೆ ಅದಕ್ಕೂ ತಕ್ಕ ಎಂಜಿನ್ ಸಿಗಲಿಲ್ಲ. ಲೆಕ್ಕ ಹಾಕಿದ್ದು ಓರ್ಫಿಯಸ್ 12 ಎಂಬ ಬ್ರಿಟಿಷ್ ಎಂಜಿನ್ನಿಗೆ. ಹಣದ ಕೊರತೆಯಿಂದ ಅದು ತಯಾರಾಗಲೇ ಇಲ್ಲ, ಕಡಿಮೆ ಶಕ್ತಿಯ ಎಂಜಿನ್ನಿನಲ್ಲೇ ಮಾರುತ್ ಬಾಳು ಕಳೆಯಿತು. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಮುಂದೆ ಒಂದು ನಿಂತಿದೆ. ಮಕ್ಕಳನ್ನು ಕರೆದೊಯ್ದವರು ನೋಡಿರುತ್ತೀರಿ. ಅದರ ಮೇಲಿನ ಕಲೆಗಳು ಮಳೆ ಬಿಸಿಲಿನವು, ನಿಜವಾದವು.

ಈಚೆಗೆ ಶಿಂದೆನ್ನಿಗೂ ಪೂರ್ಣ ಅಳತೆಯ ಮಾದರಿಯೊಂದು ಬಂತು. 2022ರಿಂದ ಅದು ತಾಚಿಅರಾಯ್‌ನ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿದೆ, ಆ ಮಕ್ಕಳು ಸತ್ತ ನೆಲಕ್ಕೆ ಹತ್ತಿರದಲ್ಲೇ. 'ಗಾಡ್ಜಿಲ್ಲಾ ಮೈನಸ್ ಒನ್' ಎಂಬ ಸಿನಿಮಾಕ್ಕಾಗಿ ಅದನ್ನು ಮಾಡಿದ್ದೆಂದು 2023ರಲ್ಲಿ ಎಲ್ಲರಿಗೂ ತಿಳಿಯಿತು. ಸಿನಿಮಾದಲ್ಲಿ ಶಿಂದೆನ್ ರಾಕ್ಷಸ ಪ್ರಾಣಿಯ ವಿರುದ್ಧ ಹಾರುತ್ತದೆ. ನಾನು ನೋಡಿದೆ. ಅಲ್ಲಿ ಹೊಗೆ ಬಂದರೆ ನನ್ನ ಆಕ್ಷೇಪವಿಲ್ಲ. ಎದುರಿಗೆ ನಿಂತದ್ದು ಗಾಡ್ಜಿಲ್ಲಾ ಆದಾಗ ಯಾರೂ ಅದನ್ನು ಚರಿತ್ರೆ ಎಂದುಕೊಳ್ಳುವುದಿಲ್ಲ. ನಿಜವಾದ ಶಿಂದೆನ್ನಿನ ಮುಂಭಾಗ ಮಾತ್ರ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿದೆ. ಮೂರು ಮಾದರಿ, ಒಂದು ಮೂತಿ. ಯಾವುದು ಹೆಚ್ಚು ಹೇಳುತ್ತದೆ ಎಂದರೆ ನಾನು ಮೂತಿಯ ಕಡೆಗೇ ಕೈ ಎತ್ತುತ್ತೇನೆ.

ಹಾಗಾದರೆ ನಮ್ಮ ಮನೆಯ ಮಾದರಿಗೆ ಎಷ್ಟು ಅಂಕ? ವಾದವಾದ ಮೇಲೆ ನಮ್ಮವಳು ಒಂದು ವಾರ ಅದನ್ನು ಮುಟ್ಟಲಿಲ್ಲ. ಆಮೇಲೆ ತನ್ನಷ್ಟಕ್ಕೆ ತಾನು ಮುಗಿಸಿದಳು. ಎಡ ಅರ್ಧಕ್ಕೆ ಹಸಿರು, ಬೂದು ಬಣ್ಣ. ಬಲ ಅರ್ಧ ಹಾಗೆಯೇ ಬರಿಯ ಪ್ಲಾಸ್ಟಿಕ್. ಪುಟ್ಟಿ ತುಂಬಿದ ಗುರುತೂ ಕಾಣುತ್ತದೆ. ಬಾಲಕ್ಕೆ ಸಂಖ್ಯೆ ಇಲ್ಲ. ಜೆಟ್ ಕೊಳವೆಯೊಳಗಿನ ಬಿಲ್ಲೆಯನ್ನು ಕಿತ್ತು ತೆಗೆದಿದ್ದಾಳೆ. ಈಗ ಬೆಳಕು ಬಿಟ್ಟರೆ ಟೊಳ್ಳು ಪೂರಾ ಕಾಣುತ್ತದೆ. ಮನೆಗೆ ಬಂದವರು "ಯಾವಾಗ ಮುಗಸ್ತಿ ಇದನ್ನ?" ಎಂದು ಕೇಳುತ್ತಾರೆ. "ಮುಗದದ್ರಿ" ಅನ್ನುತ್ತಾಳೆ. ಅರ್ಧ ಬಣ್ಣದಲ್ಲಿ ತುಸು ಜಾಣತನದ ಪ್ರದರ್ಶನ ಇದೆ ಎಂದು ನನ್ನ ಅಭಿಪ್ರಾಯ. ಆದರೆ ಆ ಟೊಳ್ಳು ಕೊಳವೆ, ಅದಕ್ಕೆ ಪೂರ್ತಿ ಅಂಕ. ಇಡೀ ಮಾದರಿಯಲ್ಲಿ ನಿಜ ಹೇಳುವ ಜಾಗ ಅದೊಂದೇ.

ಒಂದು ಕೊರತೆ ಉಳಿಯಿತು. ಪೆಟ್ಟಿಗೆಯಲ್ಲಿ ಪೈಲಟ್ಟಿನ ಪುಟ್ಟ ಗೊಂಬೆಯೊಂದಿತ್ತು; ವಿಮಾನ ಮಾಡಿದವರ ಗೊಂಬೆ ಒಂದೂ ಇರಲಿಲ್ಲ. 48ರ ಲೆಕ್ಕದಲ್ಲಿ ಒಬ್ಬ ಹುಡುಗಿಗೆ ಒಂದೂ ಕಾಲು ಅಂಗುಲ ಸಾಕು, ಜಾಗವೇನೂ ಹೆಚ್ಚು ಬೇಡ. ಇದನ್ನು ಹೇಳುವಾಗ ಅವಳಿಗೆ ಎತ್ತಿನ ಬಂಡಿಯ ಸಂಗತಿ ಹೇಳಿದೆ. 1939ರಲ್ಲಿ ಹೆಸರುವಾಸಿ ಜೀರೋ ವಿಮಾನದ ಮೊದಲ ಪ್ರತಿ ತಯಾರಾದಾಗ ನಾಗೋಯಾದ ಕಾರ್ಖಾನೆಯ ಪಕ್ಕದಲ್ಲಿ ಹಾರಿಸುವ ಬಯಲಿರಲಿಲ್ಲ. ವಿಮಾನವನ್ನು ಬಿಚ್ಚಿ ಎರಡು ಎತ್ತಿನ ಬಂಡಿಗಳಲ್ಲಿ ಹೇರಿ, 48 ಕಿಲೋಮೀಟರು ದೂರದ ಕಾಗಾಮಿಗಾಹಾರಾದ ಬಯಲಿಗೆ ಒಯ್ದರು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ ಮರಳುವಷ್ಟು ದಾರಿ, ಕೆಟ್ಟ ರಸ್ತೆ, ಲಾರಿಯಲ್ಲಿ ಒಯ್ದರೆ ಕುಲುಕಾಟಕ್ಕೆ ವಿಮಾನ ಹಾಳಾಗುತ್ತದೆಂದು ಎತ್ತು. ಜಗತ್ತಿನ ಅತ್ಯಂತ ಚುರುಕಿನ ವಿಮಾನಗಳಲ್ಲೊಂದು ಎತ್ತಿನ ನಡಿಗೆಯಲ್ಲಿ ಊರೂರು ದಾಟಿ ಹೋಯಿತು. ಇದನ್ನು ಯಾವ ಮುಚ್ಚಳದ ಮೇಲೂ ನಾನು ಕಂಡಿಲ್ಲ.

ನಮ್ಮವಳು ಕೇಳಿ ನಕ್ಕಳು, ಏನೂ ಅನ್ನಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಬಂತು. ಪೂಜೆಗೆ ತಂದ ಜೋಡೆತ್ತುಗಳನ್ನು ಮರುದಿನ ನೀರಿಗೆ ಬಿಡುವ ಮುನ್ನ ಅವಳು ಎತ್ತಿಟ್ಟುಕೊಂಡು, ವಿಮಾನದ ಮುಂದೆ ನಿಲ್ಲಿಸಿದಳು. ಹಸಿಮಣ್ಣಿನವು, ಕೊಂಬಿಗೆ ಕುಂಕುಮ ಇನ್ನೂ ಇತ್ತು. ಆಮೇಲೆ ಕಾರ್ಖಾನೆಯ ಅಭ್ಯಾಸದಂತೆ ಸ್ಕೇಲು ಹಿಡಿದು ಅಳೆದಳು. 48ರ ಲೆಕ್ಕ ಹಿಡಿದರೆ ಒಂದೊಂದು ಎತ್ತು ಎರಡಾಳೆತ್ತರ.

"ಅಳತಿ ಪೂರಾ ತಪ್ಪೈತ್ರಿ ದೊಡ್ಡವ್ವ" ಅಂದಳು. ತೆಗೆದಿಡಲಿಲ್ಲ.